ಅವ್ವನ ಸೀರೆ, ಎಪ್ಪತ್ತು ಗಂಟೆ: ಕಲಬುರಗಿಯ ಒಂದು ಕೌದಿ ಉದ್ಯಮದ ಪ್ರಕರಣ ಅಧ್ಯಯನ

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಆರು ಇಳಕಲ್ ಸೀರೆ ಉಳಿದಿದ್ದವು. ಉಡೋಕೆ ಆಗದಷ್ಟು ಹಳೆಯವು. ಯಾರಿಗಾದರೂ ಕೊಡೋಕೆ ಮನಸ್ಸು ಬರಲಿಲ್ಲ. ನಮ್ಮ ಓಣಿಯಲ್ಲಿ ಸೀರೆಗೆ ಫಾಲ್ಸ್ ಹಚ್ಚಿಕೊಡುವ ಹೆಣ್ಣುಮಗಳೊಬ್ಬಳಿದ್ದಳು. 2023ರ ಸೆಪ್ಟೆಂಬರ್‌ನಲ್ಲಿ ಮೂರು ಸೀರೆ ಹಿಡಿದು ಅವಳ ಮನೆಗೆ ಹೋದೆ. 'ಕೌದಿ ಹೊಲೀತಿ ಏನವಾ?' ಅಂತ ಕೇಳಿದೆ. ಕೌದಿ ಅಂದರೆ ಹಳೆಯ ಬಟ್ಟೆಯ ಪದರು ಜೋಡಿಸಿ ಕೈಯಿಂದ ಹೊಲಿದ ಹೊದಿಕೆ.

'ಹೊಲೀತೀನ್ರಿ ಅಕ್ಕಾರ. ನಮ್ಮವ್ವ ಕಲಿಸ್ಯಾಳ.'

ನಾಲ್ಕು ವಾರ ಕಳೆದ ಮೇಲೆ ಕೌದಿ ತಂದುಕೊಟ್ಟಳು. ಅವ್ವನ ಸೀರೆಯ ಕೆಂಪು ಸೆರಗು, ಅದರ ಬಿಳಿ ತೋಪ ತೆನಿ ವಿನ್ಯಾಸ, ನಟ್ಟನಡುವೆ ಬಂದಿತ್ತು. ಸುತ್ತಲೂ ಅದೇ ಸೀರೆಗಳ ದಡಿ. ನಾಲ್ಕು ಮೂಲೆಗೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆಯ ತುಂಡು. ನಾನು ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ. ಎಷ್ಟು ಕೊಡಲಿ ಅಂದರೆ, 'ನೀವು ತಿಳಿದಷ್ಟು ಕೊಡ್ರಿ' ಅಂದಳು. 700 ರೂಪಾಯಿ ಕೊಟ್ಟೆ. ಒಳ್ಳೆಯ ಬೆಲೆಯನ್ನೇ ಕೊಟ್ಟೆ ಅಂದುಕೊಂಡೆ.

ನಾನು ಕಾಲೇಜಿನಲ್ಲಿ ಕಾಮರ್ಸ್ ಓದಿಸುವವಳು. ಬೆಲೆ ಕಟ್ಟುವುದು ಹೇಗೆ ಅನ್ನುವುದೇ ನನ್ನ ಪಾಠ. ಆ 700 ರೂಪಾಯಿಯಲ್ಲಿ ಏನು ತಪ್ಪಿತ್ತು ಅಂತ ನನಗೆ ತಿಳಿಯೋಕೆ ಮೂರು ತಿಂಗಳು ಬೇಕಾಯಿತು. ಅಂದಿನಿಂದ ಅವಳ ಲೆಕ್ಕದ ಪುಸ್ತಕವನ್ನು ನಾವಿಬ್ಬರೂ ಕೂತು ಬರೆಯುತ್ತಿದ್ದೇವೆ. ಇಲ್ಲಿರುವ ಅಂಕಿಗಳು ಆ ಪುಸ್ತಕದವು. 'ಬರೀರಿ ಅಕ್ಕಾರ, ಆದ್ರ ನನ್ನ ಹೆಸರು ಹಾಕಬ್ಯಾಡ್ರಿ' ಅಂದಿದ್ದಾಳೆ. ಹಾಗಾಗಿ ಹೆಸರಿಲ್ಲ.

ಕೈಯಲ್ಲಿ ಏನಿತ್ತು

ಗಂಡ ಆಟೋ ಓಡಿಸುತ್ತಾನೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಬಾಡಿಗೆಯ ಎರಡು ಕೋಣೆ. ಟೇಲರ್ ಅಂಗಡಿಯಿಂದ ಸೀರೆ ತಂದು ಫಾಲ್ಸ್ ಹಚ್ಚಿದರೆ ಒಂದಕ್ಕೆ 30 ರೂಪಾಯಿ. ಉಳಿತಾಯ ಅನ್ನುವುದು ಇರಲಿಲ್ಲ. ಬಂಗಾರ ಅಂದರೆ ತವರಿನವರು ಹಾಕಿದ ಒಂದು ಜೊತೆ ಬೆಂಡೋಲೆ.

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾಗಿತ್ತು. ಆ ಮನೆಯ ಯಜಮಾನಿ ಅತ್ತೆ. ಮೊದಲ ಕಂತಿನ 2000 ರೂಪಾಯಿ ಬಂದಾಗ ಆ ಅತ್ತೆ ಸೊಸೆಯ ಕೈಗೆ 340 ರೂಪಾಯಿ ಇಟ್ಟಳು. ಅದರಲ್ಲಿ ನೂಲಿನ ದಾರ, ಸೂಜಿ, ಅಳತೆಯ ಟೇಪು ಬಂದವು. ಈ ಉದ್ಯಮ ಶುರುವಾಗೋಕೆ ಬೇಕಾದ ದುಡ್ಡು ಇಷ್ಟೇ.

ಹಾಗಾದರೆ ಬಟ್ಟೆ? ಬಟ್ಟೆ ಗಿರಾಕಿಯದು. ಇದನ್ನು ಅವಳು ಹೊಸದಾಗಿ ಕಂಡುಹಿಡಿಯಲಿಲ್ಲ. ಅವಳ ತವರು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಸುಗ್ಗಿ ಮುಗಿದ ಮೇಲೆ ಊರೂರು ತಿರುಗುವ ಹೆಣ್ಣುಮಕ್ಕಳು ಬಂದು ಕಟ್ಟೆಯ ಮೇಲೆ ಕೂತು ಕೌದಿ ಹೊಲಿದುಕೊಡುತ್ತಿದ್ದುದನ್ನು ಅವಳ ಅಜ್ಜಿ ನೋಡಿದ್ದಳು. ಮನೆಯವರು ಹಳೆಯ ಸೀರೆ, ಧೋತರ ಕೊಡಬೇಕು. ಹೊಲಿಯುವವಳಿಗೆ ಜೋಳ, ಊಟ, ಒಂದಿಷ್ಟು ರೊಕ್ಕ. ಸೂಜಿ ಒಂದನ್ನು ಬಿಟ್ಟರೆ ಹೊಲಿಯುವವಳು ತನ್ನದು ಅಂತ ಏನೂ ಹೂಡುತ್ತಿರಲಿಲ್ಲ. ಸಾಮಾನು ಒಂದು ಕಡೆಯದು, ಕೈ ಇನ್ನೊಂದು ಕಡೆಯದು. ನಮ್ಮ ಸೀಮೆಯಲ್ಲಿ ಬಂಡವಾಳವಿಲ್ಲದ ಕಸುಬು ನಡೆದು ಬಂದದ್ದೇ ಹೀಗೆ.

ನಾಲ್ಕು ಪದರದ, ಐದು ಅಡಿಗೆ ಏಳು ಅಡಿಯ ಕೌದಿಗೆ ಮೂರು ಸೀರೆ ಸಾಕಾಗುತ್ತವೆ. ಹತ್ತಿ ಸೀರೆ ಆದರೆ ಒಳ್ಳೆಯದು. ಹತ್ತಾರು ಸಲ ಒಗೆದ ಹತ್ತಿ ಮೆತ್ತಗಿರುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಪಾಲಿಯೆಸ್ಟರ್ ಪದರು ಜಾರುತ್ತದೆ, ಹೊದ್ದರೆ ಬೆವರು ಬರುತ್ತದೆ. ಹಳೆಯ ರೇಷ್ಮೆ ಮಡಿಕೆಯಲ್ಲೇ ಹರಿಯುತ್ತದೆ. ಈಗಿನ ಮನೆಗಳಲ್ಲಿ ಸಿಗುವುದು ಜಾಸ್ತಿ ಸಿಂಥೆಟಿಕ್ ಸೀರೆಗಳೇ. ಹಾಗಾಗಿ 'ಅವ್ವಂದು, ಅಜ್ಜಿದು ಇದ್ದರ ತರ್ರಿ' ಅಂತ ಅವಳು ಮೊದಲೇ ಹೇಳಿಬಿಡುತ್ತಾಳೆ. ಆ ಒಂದು ಮಾತಿನಿಂದ ಮುಂದೆ ಎಷ್ಟು ಉಪಯೋಗ ಆಯಿತು ಅನ್ನುವುದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಗಂಟೆಗೆ ಎಂಟು ರೂಪಾಯಿ

ನನ್ನ ಕೌದಿಯ ಫೋಟೋ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿದೆ. ಸಹೋದ್ಯೋಗಿಗಳು ಕೇಳಿದರು. ಡಿಸೆಂಬರ್ ಹೊತ್ತಿಗೆ ಅವಳು ನಾಲ್ಕು ಕೌದಿ ಹೊಲಿದು ಮುಗಿಸಿದ್ದಳು. ಎಲ್ಲವೂ 700ಕ್ಕೇ. ಜನವರಿಯಲ್ಲಿ ಸಿಕ್ಕಾಗ ಅವಳ ಬೆರಳ ತುದಿ ಒಡೆದಿತ್ತು. ಕಣ್ಣು ಕೆಂಪಾಗಿದ್ದವು. ಕೆಲಸ ಚೆನ್ನಾಗಿ ನಡೆದಿದೆಯಲ್ಲ ಅಂದೆ.

'ನಡದದ್ರಿ. ಆದ್ರ ಫಾಲ್ಸ್ ಹಚ್ಚೋದೇ ಚಲೋ ಇತ್ತು ಅನಸ್ತದ.'

ಅವತ್ತು ನಾವು ಮೊದಲ ಸಲ ಗಂಟೆ ಎಣಿಸಿದೆವು. ಮಧ್ಯಾಹ್ನ ದಿನಾ ಎರಡೂವರೆ ಗಂಟೆ, 28 ದಿನ. ಒಂದು ಕೌದಿಗೆ 70 ಗಂಟೆ. ಟೇಪು ಹಿಡಿದು ನೋಡಿದರೆ ಹೊಲಿಗೆಯ ಸಾಲುಗಳ ನಡುವೆ ಅರ್ಧ ಇಂಚು ಅಂತರ ಇತ್ತು. ಅಷ್ಟು ದೊಡ್ಡ ಕೌದಿಗೆ ಅರ್ಧ ಇಂಚಿನ ಸಾಲು ಅಂದರೆ ಸುಮಾರು 840 ಅಡಿ ಹೊಲಿಗೆ. ನಾಲ್ಕು ಪದರ ದಾಟಿ ಸೂಜಿ ಇಳಿದು ಮೇಲೆ ಬರಬೇಕು. ಗಂಟೆಗೆ 12 ಅಡಿಗಿಂತ ಜಾಸ್ತಿ ಆಗುವುದಿಲ್ಲ.

700ರಲ್ಲಿ ದಾರಕ್ಕೆ 90 ಹೋದರೆ 610 ಉಳಿಯಿತು. ಅದನ್ನು 70ರಿಂದ ಭಾಗಿಸಿದೆ. ಗಂಟೆಗೆ 8 ರೂಪಾಯಿ 71 ಪೈಸೆ.

ಆ ವರ್ಷ, ಅಂದರೆ 2023–24ರಲ್ಲಿ, ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 316 ರೂಪಾಯಿ ಇತ್ತು. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 39 ರೂಪಾಯಿ 50 ಪೈಸೆ. ಮಣ್ಣು ಅಗೆಯುವುದು ಗೌರವದ ಕೆಲಸ. ಆದರೆ ನಾನು ಮುಖಕ್ಕೆ ಒತ್ತಿಕೊಂಡು ಅತ್ತ ಕೆಲಸಕ್ಕೆ ಅದರ ಕಾಲುಭಾಗವೂ ಕೊಟ್ಟಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಈ ಬರಹದ ತುಂಬ ನಾನು ಹೇಳಬೇಕೆಂದಿರುವುದು ಇದನ್ನೇ. ಬಂಡವಾಳ ಇಲ್ಲದೆ ಉದ್ಯಮ ಕಟ್ಟಿದರು ಅಂತ ಯಾರಾದರೂ ಹೇಳಿದರೆ, ಅಲ್ಲಿ ಎಣಿಸದೆ ಬಿಟ್ಟ ಗಂಟೆಗಳು ಎಷ್ಟು, ಅವು ಯಾರವು ಅಂತ ನೋಡಬೇಕು. ಇಲ್ಲಿ ಆ ಬಂಡವಾಳ ಇದ್ದೇ ಇತ್ತು. ಅದು ಅವಳ ಕಣ್ಣು, ಅವಳ ಬೆರಳು, ಮಕ್ಕಳು ಶಾಲೆಯಿಂದ ಬರುವ ಮುಂಚಿನ ಎರಡೂವರೆ ಗಂಟೆ.

ಗಂಟೆಗೆ 40 ರೂಪಾಯಿ ಅಂತ ಗಟ್ಟಿ ಮಾಡಿದೆವು. 70 ಗಂಟೆಗೆ 2,800. ದಾರ 100, ಒಗೆತ ಮತ್ತು ಇಸ್ತ್ರಿ 50. ವಿನ್ಯಾಸ, ಓಡಾಟ, ಫೋನು, ಗಿರಾಕಿ ಜೊತೆ ಮಾತು, ಇವಕ್ಕೆಲ್ಲ ಸೇರಿ 850. ಬೆಲೆ 3,800 ರೂಪಾಯಿ.

ಅವಳು ಹೆದರಿದಳು. 'ಯಾರು ಕೊಡ್ತಾರ್ರಿ ಅಕ್ಕಾರ? ಬಜಾರಿನಾಗ 500ಕ್ಕ ಬ್ಲ್ಯಾಂಕೆಟ್ ಸಿಗ್ತದ.'

ಫೆಬ್ರುವರಿ, ಮಾರ್ಚ್ ಎರಡು ತಿಂಗಳಲ್ಲಿ 11 ಜನ ಕೇಳಿಕೊಂಡು ಬಂದರು. 8 ಜನ ಬೆಲೆ ಕೇಳಿ ಹೋದರು. 3 ಜನ ಒಪ್ಪಿದರು. ಈಗ ಲೆಕ್ಕ ನೋಡಿ. ಹಳೆಯ ಬೆಲೆಗೆ 11 ಕೌದಿ ಹೊಲಿದಿದ್ದರೆ 770 ಗಂಟೆ ದುಡಿದು 7,700 ರೂಪಾಯಿ. ಹೊಸ ಬೆಲೆಗೆ 3 ಕೌದಿ, 210 ಗಂಟೆ, 11,400 ರೂಪಾಯಿ. ಇದನ್ನು ಪುಸ್ತಕದಲ್ಲಿ ಬರೆದ ಮೇಲೆ ಅವಳು ಆ ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ ಬೆಲೆ ಹೇಳುವಾಗ ಅವಳ ದನಿ ನಡುಗಲಿಲ್ಲ.

ಒಪ್ಪಿದ ಮೂವರೂ ತಂದದ್ದು ತೀರಿಕೊಂಡ ತಾಯಿಯ ಸೀರೆ, ಇಲ್ಲವೇ ಅಜ್ಜಿಯ ಸೀರೆ. ಚಳಿಗೆ ಹೊದಿಕೆ ಬೇಕಾದವರು ಬ್ಲ್ಯಾಂಕೆಟ್ ಕೊಳ್ಳುತ್ತಾರೆ, ಅದು ಸರಿಯೇ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು, ಹೊದಿಕೆಯ ಅಂಗಡಿ ಇಟ್ಟು ಬದುಕೋಕೆ ಆಗುವುದಿಲ್ಲ. ಅವಳ ಹತ್ತಿರ ಬರುವವರು ಟ್ರಂಕಿನ ತಳದಲ್ಲಿರುವ ಸೀರೆಗೆ ಒಂದು ಜಾಗ ಹುಡುಕಿಕೊಂಡು ಬರುತ್ತಾರೆ. ಅವರಿಗೆ ಬೇಕಾದ ಸೀರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬೆಲೆ ಕೇಳಿ ಹೋದ ಎಂಟು ಜನರ ಬಗ್ಗೆಯೂ ಅವಳೇ ಯೋಚಿಸಿದಳು. ಸಾಲಿನ ಅಂತರ ಒಂದು ಇಂಚು ಮಾಡಿದರೆ ಜೋಡಣೆ ಸೇರಿ 40 ಗಂಟೆಯಲ್ಲಿ ಕೌದಿ ಮುಗಿಯುತ್ತದೆ. ಅದಕ್ಕೆ 2,300. ಇನ್ನೊಂದು, ಮೂರು ಅಡಿ ಚೌಕದ ಕೂಸಿನ ಕೌದಿ. 18 ಗಂಟೆ, 950 ರೂಪಾಯಿ. ಕುಬಸದ (ಸೀಮಂತದ) ಹೊತ್ತಿಗೆ ಅಜ್ಜಿಯ ಸೀರೆ ಕೊಟ್ಟರೆ ತೊಟ್ಟಿಲಿಗೆ ಹಾಕುವ ಹೊತ್ತಿಗೆ ಕೌದಿ ತಯಾರು. ಉಳಿದ ಖಣದ ಚೂರಿನಲ್ಲಿ ಒಂದು ಕುಲಾಯಿ ಹೊಲಿದು ಸುಮ್ನೆ ಕೊಡುತ್ತಾಳೆ. ಆ ಕುಲಾಯಿ ಹಾಕಿದ ಕೂಸಿನ ಫೋಟೋ ಎಷ್ಟು ಗಿರಾಕಿಗಳನ್ನು ತಂದಿತೋ, ಬೇರೆ ಯಾವ ಜಾಹೀರಾತೂ ಅಷ್ಟು ತಂದಿಲ್ಲ.

ರೊಕ್ಕ ಮೊದಲು, ದಾರ ಆಮೇಲೆ

ಅರ್ಧ ಮುಂಗಡ ಇಲ್ಲದೆ ಕತ್ತರಿ ಮುಟ್ಟುವುದಿಲ್ಲ ಅನ್ನುವುದು 2024ರ ಯುಗಾದಿಯಿಂದ ಅವಳ ನಿಯಮ. 3,800ರ ಕೌದಿಗೆ 1,900 ಮುಂಗಡ. ಅದರಲ್ಲಿ ದಾರ, ಒಗೆತಕ್ಕೆ 150. ಅರ್ಧ ಹೊಲಿಗೆ ಆದಾಗ ಹೊಲಿಯುವವಳಿಗೆ 1,400. ಕೈಯಲ್ಲಿ 350 ಉಳಿಯುತ್ತದೆ. ಕೌದಿ ಮುಗಿದ ಮೇಲೆ ಗಿರಾಕಿ ಉಳಿದ 1,900 ಕೊಡಬೇಕು, ಆಗ ಹೊಲಿದವಳಿಗೆ ಉಳಿದ 1,400. ಕೊನೆಗೆ ಅವಳದು 850. ಯಾವ ದಿನ ನೋಡಿದರೂ ತನ್ನ ಜೇಬಿನ ದುಡ್ಡು ಹೊರಗೆ ಹೋಗಿರುವುದಿಲ್ಲ.

ಅಷ್ಟೊತ್ತಿಗೆ ಒಬ್ಬಳ ಕೈ ಸಾಲುತ್ತಿರಲಿಲ್ಲ. ತವರಿನ ಅವ್ವ, ಚಿಗವ್ವ, ವೈನಿ, ಅವರ ಓಣಿಯ ಇನ್ನಿಬ್ಬರು ಸೇರಿದರು. ಸೀರೆ ಹಳ್ಳಿಗೆ ಹೋಗಬೇಕು, ಕೌದಿ ಊರಿಗೆ ಬರಬೇಕು. ಇದಕ್ಕೆ ಶಕ್ತಿ ಯೋಜನೆ ಒದಗಿ ಬಂತು ಅನ್ನಿ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ನಿಗಮದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ವಾರಕ್ಕೊಮ್ಮೆ ಗಂಟು ಕಟ್ಟಿಕೊಂಡು ಆಳಂದದ ಕಡೆಯ ಬಸ್ಸು ಹತ್ತುತ್ತಾಳೆ. ಮೊದಲಿನ ಹಾಗೆ ಟಿಕೆಟ್ ತಗೊಂಡು ಓಡಾಡಬೇಕಿದ್ದರೆ ಕೂಸಿನ ಕೌದಿಯಲ್ಲಿ ಉಳಿಯುವ 180 ರೂಪಾಯಿ ಬಸ್ಸಿಗೇ ಹೋಗುತ್ತಿತ್ತು.

ಗಿರಾಕಿಯ ಬಟ್ಟೆ ಇಟ್ಟುಕೊಂಡು ಮಾಡುವ ಕೆಲಸದಲ್ಲಿ ಒಂದು ಭಯ ಇದೆ. ಕೆಟ್ಟರೆ ಬೇರೆ ತಂದುಕೊಡೋಕೆ ಆಗುವುದಿಲ್ಲ. 2024ರ ಜೂನ್‌ನಲ್ಲಿ ಒಬ್ಬರು ತಂದೆಯ ಬಿಳಿ ಧೋತರ, ತಾಯಿಯ ಕೆಂಪು ಸೀರೆ ಕೊಟ್ಟಿದ್ದರು. ಸೀರೆ ಟ್ರಂಕಿನಲ್ಲೇ ಇದ್ದದ್ದು, ಹೆಚ್ಚು ಒಗೆದದ್ದಲ್ಲ. ಹೊಲಿದು ಮುಗಿಸಿ ಒಗೆದಾಗ ಕೆಂಪು ಬಣ್ಣ ಧೋತರಕ್ಕೆ ಇಳಿಯಿತು. ಬಿಳಿಯೆಲ್ಲ ಗುಲಾಬಿ. ಅವಳು ಎರಡು ದಿನ ಊಟ ಮಾಡಲಿಲ್ಲ. ಆಮೇಲೆ ತಾನೇ ಅವರ ಮನೆಗೆ ಹೋಗಿ ಕೌದಿ ಮುಂದಿಟ್ಟು, ಮುಂಗಡ ವಾಪಸ್ ಕೊಟ್ಟು, ಹೊಲಿದವರ ಕೂಲಿ ತಾನೇ ಹೊತ್ತಳು. ಆ ಮನೆಯವರು ಕೌದಿ ಇಟ್ಟುಕೊಂಡರು.

ಅಂದಿನಿಂದ ಪ್ರತಿ ಬಟ್ಟೆಯ ಒಂದು ಮೂಲೆ ಒದ್ದೆ ಮಾಡಿ, ಮೇಲೆ ಬಿಳಿ ಅರಿವೆ ಒತ್ತಿ, ಬಿಸಿ ಇಸ್ತ್ರಿ ಇಟ್ಟು ನೋಡುತ್ತಾಳೆ. ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಮತ್ತೆ ಮತ್ತೆ ಒಗೆಯಬೇಕು, ಇಲ್ಲವೇ ಬಿಳಿಯಿಂದ ದೂರ ಇಡಬೇಕು. ಕತ್ತರಿಸುವ ಮುಂಚೆ ಸೀರೆಗಳ ಫೋಟೋ ತೆಗೆದು, ಯಾವ ಭಾಗ ಮೇಲೆ ಕಾಣಬೇಕು ಅಂತ ಗಿರಾಕಿಯ ಬಾಯಿಂದಲೇ ವಾಟ್ಸಾಪ್‌ನಲ್ಲಿ ಹೇಳಿಸಿಕೊಳ್ಳುತ್ತಾಳೆ. ಅಂಗಳದಲ್ಲಿ ತುಂಡುಗಳನ್ನು ಹರಡಿ ಜೋಡಿಸುವ ಕೆಲಸ ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಹಸಿರಿನ ಪಕ್ಕ ಯಾವುದು, ಸೆರಗು ಎಲ್ಲಿ, ಹರಿದ ಕಡೆ ಯಾವ ತ್ಯಾಪಿ, ಇದನ್ನು ನೋಡುತ್ತ ಬೆಳಗಿನ ಹೊತ್ತು ಒಬ್ಬಳೇ ಕೂತಿರುತ್ತಾಳೆ. ಅವಳ ಕಲೆ ಇರುವುದು ಅಲ್ಲಿ. 850 ರೂಪಾಯಿಯಲ್ಲಿ ಅದಕ್ಕೂ ಬೆಲೆ ಇದೆ ಅಂತ ಅವಳನ್ನು ಒಪ್ಪಿಸೋಕೆ ನನಗೆ ಬಹಳ ದಿನ ಹಿಡಿಯಿತು.

ಹತ್ತು ಕೌದಿ, ಇನ್ನೂರು ರೂಪಾಯಿ

2024ರ ಆಗಸ್ಟ್‌ನಲ್ಲಿ ದೊಡ್ಡ ನಗರದ ಒಂದು ಅಂಗಡಿಯಿಂದ ಫೋನ್ ಬಂತು. ಹತ್ತು ಕೌದಿ ಬೇಕು, ಒಂದಕ್ಕೆ 2,600, ಮಾಲು ತಲುಪಿದ ಮೇಲೆ ದುಡ್ಡು. 26,000 ರೂಪಾಯಿ ಒಂದೇ ಸಲಕ್ಕೆ ಅವಳು ಕಂಡಿರಲಿಲ್ಲ. ನಾನೂ ಮಾಡು ಅಂದೆ. ಆ ಸಲಹೆ ನನ್ನದೇ ತಪ್ಪು.

ಈ ಸಲ ಬಟ್ಟೆ ಗಿರಾಕಿಯದಲ್ಲ. ಹಳೆಯ ಹತ್ತಿ ಸೀರೆ 30 ಕೊಳ್ಳಬೇಕಾಯಿತು, 2,400. ದಾರಕ್ಕೆ 800. 400 ಗಂಟೆಯ ಕೂಲಿ 16,000. ಒಟ್ಟು 19,200. ಮುಂಗಡ ಇಲ್ಲ. ಕೂಡಿಟ್ಟಿದ್ದ 4,200 ಹಾಕಿದಳು. ಉಳಿದ 15,000ಕ್ಕೆ ಬೆಂಡೋಲೆ ಅಡ ಇಟ್ಟಳು. ಹೊಲಿದವರ ಕೂಲಿಯನ್ನು ಒಂದು ದಿನವೂ ತಡ ಮಾಡಲಿಲ್ಲ. 'ಅವರು ನನ್ನ ಮುಖ ನೋಡಿ ಹೊಲದಾರ, ಆ ಅಂಗಡಿ ಮುಖ ನೋಡಿಲ್ಲ' ಅಂದಳು.

ಮಾಲು ನವೆಂಬರ್‌ನಲ್ಲಿ ಹೋಯಿತು. ದುಡ್ಡು ಬಂದದ್ದು ಮಾರ್ಚ್‌ನಲ್ಲಿ. ಅದೂ 20,000. ಅಳತೆ ಒಂದೇ ಸಮ ಇಲ್ಲ ಅಂತ 6,000 ಹಿಡಿದುಕೊಂಡರು. ಅಳತೆ ಹೆಚ್ಚು ಕಡಿಮೆ ಆಗಿದ್ದು ನಿಜ. ಹಳ್ಳಿಯಲ್ಲಿ ಮೊಳ, ಗೇಣು ಲೆಕ್ಕದಲ್ಲಿ ಹೊಲಿದಿದ್ದರು, ಚಿಗವ್ವನ ಗೇಣು ವೈನಿಯ ಗೇಣಿಗಿಂತ ಚಿಕ್ಕದು. ಆದರೆ ಅದನ್ನು ಮಾಲು ತಲುಪಿದ ವಾರದಲ್ಲೇ ಹೇಳಬೇಕಿತ್ತು ಅಲ್ವಾ? ನಾಲ್ಕು ತಿಂಗಳ ಬಡ್ಡಿ 600 ಕಟ್ಟಿ ಬೆಂಡೋಲೆ ಬಿಡಿಸಿಕೊಂಡಳು. ಹತ್ತು ಕೌದಿಗೆ ಅವಳಿಗೆ ಉಳಿದದ್ದು 200 ರೂಪಾಯಿ.

ಈಗ ಪ್ರತಿ ಮನೆಯಲ್ಲೂ ಗಂಟು ಹಾಕಿದ ಒಂದು ಹಗ್ಗ ಇದೆ. ಐದು ಅಡಿಗೆ ಒಂದು ಗಂಟು, ಏಳು ಅಡಿಗೆ ಇನ್ನೊಂದು. ಉದ್ರಿ ಆರ್ಡರ್ ಮತ್ತೆ ತಗೊಂಡಿಲ್ಲ. ಎರಡು ಬಂದಿದ್ದವು, ಬಿಟ್ಟಳು. ಬಂಡವಾಳ ಇಲ್ಲದವಳು ಉದ್ರಿ ಕೊಟ್ಟರೆ, ದುಡ್ಡಿರುವ ಅಂಗಡಿಗೆ ಇಲ್ಲದವಳು ಸಾಲ ಕೊಟ್ಟ ಹಾಗೆ ಆಗುತ್ತದೆ. ಹೀಗೆ ಕೆಲಸದಲ್ಲಿ ಸಿಕ್ಕಿಕೊಳ್ಳುವ ದುಡ್ಡಿಗೆ ನಾನು ಓದಿಸುವ ಪುಸ್ತಕದಲ್ಲಿ ದುಡಿಯುವ ಬಂಡವಾಳ ಅನ್ನುತ್ತಾರೆ. ಅವಳ ಬೆಂಡೋಲೆ ಕಿವಿಯಲ್ಲಿ ಇಲ್ಲದ್ದನ್ನು ನಾಲ್ಕು ತಿಂಗಳು ದಿನಾ ನೋಡಿದ ಮೇಲೆ ಆ ಪಾಠವನ್ನು ನಾನು ಬೇರೆ ಥರ ಮಾಡುತ್ತೇನೆ.

ಸಾಲದ ಮಾತು

ಆ ಹೊತ್ತಿಗೆ ನಾನು ಸಣ್ಣ ಉದ್ಯಮಗಳಿಗೆ ಬ್ಯಾಂಕು ಕೊಡುವ ಮುದ್ರಾ ಸಾಲದ ಮಾತೆತ್ತಿದೆ. 2015ರಿಂದ ಇರುವ ಯೋಜನೆ. ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಅಡಮಾನ ಕೇಳುವುದಿಲ್ಲ. ಉದ್ಯಮ್ ಅನ್ನುವ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಆಗುತ್ತದೆ, ಶುಲ್ಕ ಇಲ್ಲ. ನೋಂದಣಿ ಮಾಡಿಸಿದೆವು. ಸಾಲಕ್ಕೆ ಮಾತ್ರ ಅವಳು ಒಪ್ಪಲಿಲ್ಲ. 'ಸಾಲ ತಂದು ಏನು ಕೊಳ್ಳಲ್ರಿ? ನನಗ ಕಡಿಮಿ ಇರೋದು ರೊಕ್ಕಲ್ಲ, ಕೈ. ಅವು ಚಳಿಗಾಲದಾಗ ಸಿಗಂಗಿಲ್ಲ.'

ಸರಿಯಾದ ಮಾತು. ನಮ್ಮದು ತೊಗರಿಯ ಸೀಮೆ. ಮಳೆ ಬಿದ್ದರೆ ಬಿತ್ತನೆ, ಕಳೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಆಮೇಲೆ ಜೋಳ. ಹಳ್ಳಿಯ ಹೆಣ್ಣುಮಕ್ಕಳ ಕೈ ಬಿಡುವಾಗುವುದು ಮಾರ್ಚ್‌ನಿಂದ ಜೂನ್ ಮೊದಲವರೆಗೆ. ಆದರೆ ಜನ ಕೌದಿ ಕೇಳುವುದು ಥಂಡಿ ಬಿದ್ದ ಮೇಲೆ. 2024ರ ನವೆಂಬರ್‌ನಿಂದ ಜನವರಿವರೆಗೆ ಒಂಬತ್ತು ಆರ್ಡರ್ ವಾಪಸ್ ಕಳಿಸಬೇಕಾಯಿತು. 50,000 ಸಾಲ ಇದ್ದಿದ್ದರೂ ಆ ಒಂಬತ್ತು ಕೌದಿ ಹೊಲಿಯುವವರು ಹೊಲದಲ್ಲೇ ಇರುತ್ತಿದ್ದರು.

ಬೇಸಿಗೆಯಲ್ಲೇ ಹೊಲಿದು ಇಟ್ಟು ಚಳಿಗಾಲದಲ್ಲಿ ಮಾರಬಹುದಲ್ಲ ಅಂದೆ. ಅದಕ್ಕೂ ಅವಳ ಹತ್ತಿರ ಉತ್ತರ ಇತ್ತು. ಯಾರೋ ಉಟ್ಟ ಸೀರೆಯ ಮೇಲೆ ತಮ್ಮ ಕೂಸನ್ನು ನಮ್ಮ ಜನ ಮಲಗಿಸುವುದಿಲ್ಲ. ಹೊಸ ಬಟ್ಟೆ ಕೊಂಡು ಹೊಲಿದರೆ ಬೆಲೆ ಏರುತ್ತದೆ, ಮತ್ತೆ ಅದರಲ್ಲಿ ಅಜ್ಜಿ ಇರುವುದಿಲ್ಲ.

ಅವಳು ಮಾಡಿದ್ದು ಇಷ್ಟು. 2025ರ ಮಾರ್ಚ್‌ನಲ್ಲಿ, ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ, ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿದಳು. ಮೇ ತಿಂಗಳೊಳಗೆ ಸೀರೆ ಮತ್ತು ಮುಂಗಡ ಕೊಟ್ಟವರಿಗೆ 200 ರೂಪಾಯಿ ಕಡಿಮೆ, ದಸರೆಗೆ ಕೌದಿ ಕೈಗೆ. 13 ಜನ ಕೊಟ್ಟರು. ಹಿಂದೆ ವಾಪಸ್ ಹೋಗಿದ್ದವರಲ್ಲಿ ಆರು ಜನ ಇದರಲ್ಲಿದ್ದರು. ಕೈ ಬಿಡುವಿದ್ದಾಗ ಕೆಲಸ ಬಂತು, ಕೆಲಸದ ಜೊತೆ ರೊಕ್ಕವೂ ಬಂತು. ಹೊಲಿಗೆ ಮಷಿನ್ ಬೇಕಾದವರಿಗೆ, ಆಟೋ ಬೇಕಾದವರಿಗೆ ಸಾಲ ಸರಿಯಾದ ದಾರಿ. ಅದನ್ನು ನಾನು ಈಗಲೂ ಹೇಳುತ್ತೇನೆ. ಇವಳ ತೊಂದರೆ ಇದ್ದದ್ದು ತಿಂಗಳುಗಳ ಹೊಂದಾಣಿಕೆಯಲ್ಲಿ.

2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ಲೆಕ್ಕ ಹೀಗಿದೆ. ಅರ್ಧ ಇಂಚಿನವು 14, ಒಂದು ಇಂಚಿನವು 22, ಕೂಸಿನ ಕೌದಿ 61, ಆ ಅಂಗಡಿಯ 10. ಒಟ್ಟು 3,358 ಗಂಟೆ. ಇದರಲ್ಲಿ ಅವಳೇ ಹೊಲಿದದ್ದು ಸುಮಾರು 600 ಗಂಟೆ, ಅದರ ಕೂಲಿ 24,000. ಉಳಿದ ಐವರಿಗೆ ತಲಾ ಸುಮಾರು 22,000. ಕೌದಿಗಳ ಮೇಲೆ ಅವಳಿಗೆ ಉಳಿದದ್ದು 36,000 ಚಿಲ್ಲರೆ, ಬಣ್ಣ ಇಳಿದ ಕೌದಿಯ ನಷ್ಟ ಅದರಲ್ಲಿ ಕಳೆಯಬೇಕು. ಕೂಲಿ ಸೇರಿದರೆ ತಿಂಗಳಿಗೆ 5,000ಕ್ಕಿಂತ ಸ್ವಲ್ಪ ಕಡಿಮೆ. ದೊಡ್ಡ ಮೊತ್ತವಲ್ಲ. ಆದರೆ ಇದರಲ್ಲಿ ಯಾರ ಗಂಟೆಯೂ ಪುಕ್ಕಟೆ ಇಲ್ಲ. ಅವಳ ಮಗಳ ಶಾಲೆಯ ಫೀಸು, ಅವಳ ಅವ್ವನ ಕನ್ನಡಕ ಈ ದುಡ್ಡಿನಲ್ಲಿ ಬಂದವು.

ಅವ್ವನ ಕಣ್ಣಿನದೇ ಈಗಿನ ಚಿಂತೆ. ಅರ್ಧ ಇಂಚಿನ ಸಾಲು ಹಾಕುವ ಕೈ ಮೂರೇ. ಅದರಲ್ಲಿ ಒಂದು ಅವ್ವನದು. ಹಳ್ಳಿಯ ಹುಡುಗಿಯರಿಗೆ ಗಂಟೆಯ ಕೂಲಿ ಕಂಡ ಮೇಲೆ ಸ್ವಲ್ಪ ಆಸೆ ಹುಟ್ಟಿದೆ, ಇಬ್ಬರು ಕಲಿಯೋಕೆ ಕೂತಿದ್ದಾರೆ. ಕಲಿಯುವ ದಿನಗಳಿಗೆ ಕೂಲಿ ಎಷ್ಟು ಅಂತ ನಾವಿನ್ನೂ ಗಟ್ಟಿ ಮಾಡಿಲ್ಲ. ಸುಮ್ನೆ ಕಲಿಸಿದರೆ ಮತ್ತೆ ಅದೇ ಎಣಿಸದ ಗಂಟೆ.

2025–26ಕ್ಕೆ ಉದ್ಯೋಗ ಖಾತ್ರಿಯ ಕೂಲಿ 370 ಆಯಿತು. ಅದೇ ಏಪ್ರಿಲ್‌ನಲ್ಲಿ ಅವಳು ಗಂಟೆಯ ದರವನ್ನು 46 ರೂಪಾಯಿ ಮಾಡಿದಳು. ಅರ್ಧ ಇಂಚಿನ ಕೌದಿ ಈಗ 4,300. ಅವ್ವನ ಉಳಿದ ಮೂರು ಸೀರೆ ತಗೊಂಡು ನಾನೂ ಮೇ ತಿಂಗಳಲ್ಲಿ ಹೋದೆ. ಬೇಸಿಗೆಯ ಲೆಕ್ಕದಲ್ಲಿ 4,100, ಮುಂಗಡ 2,050. ಅವಳು ಎಣಿಸಿ ತಗೊಂಡಳು. ಸೀರೆಗಳ ಮೂಲೆ ಒದ್ದೆ ಮಾಡಿ ನೋಡಿದಳು. ಫೋಟೋ ತೆಗೆದಳು. ಪುಸ್ತಕದಲ್ಲಿ ಬರೆದು ಚೀಟಿ ಹರಿದುಕೊಟ್ಟಳು. ನನ್ನ ಸರದಿ ಏಳನೆಯದು.